ತಟ್ಟೆ ಸದ್ದಿಗೆ ಮೇದೋಜೀರಕ ಏಕೆ ಎಚ್ಚರವಾಗುತ್ತದೆ? ಪ್ರಾಣಿಗಳ ನರ ಮತ್ತು ಪ್ಯಾಂಕ್ರಿಯಾಸ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯಲ್ಲಿ ನಾಯಿ ಸಾಕಿದವರಿಗೆ ಇದು ಗೊತ್ತು. ಅನ್ನದ ತಟ್ಟೆ ಸದ್ದಾದರೆ ಸಾಕು, ಎಲ್ಲಿದ್ದರೂ ಓಡಿ ಬರುತ್ತದೆ, ಬಾಯಿಂದ ಜೊಲ್ಲು ಇಳಿಯುತ್ತಿರುತ್ತದೆ. ಅದೇ ಹೊತ್ತಿಗೆ ಹೊಟ್ಟೆಯೊಳಗೆ ಮೇದೋಜೀರಕ ಗ್ರಂಥಿಯೂ, ಅಂದರೆ ಪ್ಯಾಂಕ್ರಿಯಾಸ್ ಕೂಡ, ರಸ ಬಿಡಲು ಶುರು ಮಾಡಿರುತ್ತದೆ. ಅದು ನಮ್ಮ ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ. ಅನ್ನ ಇನ್ನೂ ಬಾಯಿಗೇ ಬಿದ್ದಿಲ್ಲ, ಕರುಳಿನ ಪಕ್ಕ ಕೂತ ಗ್ರಂಥಿಗೆ ಸುದ್ದಿ ಮುಟ್ಟಿಸಿದ್ದು ಯಾರು? ಈ ಪ್ರಶ್ನೆಯ ಸುತ್ತ ವಿದ್ಯಾರ್ಥಿಗಳು, ದನ ಕಟ್ಟಿದವರು, ನಾಯಿ ಬೆಕ್ಕು ಸಾಕಿದವರು ಮತ್ತೆ ಮತ್ತೆ ಕೇಳುವುದನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಯಾವ ಉತ್ತರ ಓದುವಾಗಲೂ "ಇದು ಯಾವ ಪ್ರಾಣಿಯಲ್ಲಿ?" ಅಂತ ಕೇಳಿಕೊಳ್ಳಿ. ಈ ವಿಷಯದ ಅರ್ಧ ಗೊಂದಲ ಹುಟ್ಟಿದ್ದೇ ಅದನ್ನು ಕೇಳದೆ ಬಿಟ್ಟಿದ್ದರಿಂದ.

ಪ್ಯಾಂಕ್ರಿಯಾಸ್ ಅಂದರೆ ಇನ್ಸುಲಿನ್ ಮಾಡುವ ಗ್ರಂಥಿ ಅಲ್ವಾ? ಇಲ್ಲಿ ಯಾವ ರಸದ ಮಾತು?

ಸಕ್ಕರೆ ಕಾಯಿಲೆ ಮನೆಮನೆಗೂ ಬಂದ ಮೇಲೆ ಎಲ್ಲರಿಗೂ ಇನ್ಸುಲಿನ್ನೇ ಮೊದಲು ನೆನಪಾಗುತ್ತದೆ. ಆದರೆ ಇನ್ಸುಲಿನ್ ಮಾಡುವ ಜೀವಕೋಶಗಳ ಗುಂಪುಗಳು ಇಡೀ ಗ್ರಂಥಿಯಲ್ಲಿ ಶೇಕಡ ಒಂದೆರಡು ಪಾಲು ಮಾತ್ರ. 1869ರಲ್ಲಿ ಅವನ್ನು ಮೊದಲು ಗುರುತಿಸಿದವರು ಪೌಲ್ ಲ್ಯಾಂಗರ್‌ಹಾನ್ಸ್ ಎಂಬ ಜರ್ಮನ್ ವೈದ್ಯಕೀಯ ವಿದ್ಯಾರ್ಥಿ. ಉಳಿದದ್ದೆಲ್ಲ ಹೆಚ್ಚುಕಮ್ಮಿ ಜೀರ್ಣರಸದ ಕಾರ್ಖಾನೆ.

ಅದರಲ್ಲಿ ಎರಡು ಬಗೆಯ ಕೆಲಸಗಾರರಿದ್ದಾರೆ. ದ್ರಾಕ್ಷಿ ಗೊಂಚಲಿನಂತೆ ಕೂತ ಅಸಿನಾರ್ ಕೋಶಗಳು ಕಿಣ್ವಗಳನ್ನು ಮಾಡುತ್ತವೆ. ಪಿಷ್ಟಕ್ಕೆ ಅಮೈಲೇಸ್, ಕೊಬ್ಬಿಗೆ ಲೈಪೇಸ್, ಪ್ರೋಟೀನಿಗೆ ಟ್ರಿಪ್ಸಿನ್. ನಾಳದ ಗೋಡೆಯ ಕೋಶಗಳು ನೀರು ಮತ್ತು ಬೈಕಾರ್ಬನೇಟ್ ಬಿಡುತ್ತವೆ. ಅಡುಗೆ ಸೋಡಾದಲ್ಲಿ ಇರುವುದೂ ಇದೇ ಬೈಕಾರ್ಬನೇಟ್. ಹೊಟ್ಟೆಯಿಂದ ಬರುವ ಹುಳಿಯನ್ನು ಅದು ಮುರಿಯುತ್ತದೆ. ಮನುಷ್ಯರಲ್ಲಿ ದಿನಕ್ಕೆ ಸುಮಾರು ಒಂದರಿಂದ ಒಂದೂವರೆ ಲೀಟರ್ ರಸ ಬರುತ್ತದೆ. ಈ ಪುಟದಲ್ಲಿ ಮುಖ್ಯವಾಗಿ ಈ ರಸದ ಮಾತು. ಇನ್ಸುಲಿನ್ ವಿಷಯ ಕೊನೆಯಲ್ಲಿ ಬರುತ್ತದೆ.

ಗ್ರಂಥಿಗೆ ಯಾವ ಯಾವ ನರಗಳು ಬರುತ್ತವೆ?

ಮುಖ್ಯವಾದದ್ದು ವೇಗಸ್ ನರ. ಮಿದುಳಿನ ಬುಡದ ಮೆಡುಲಾದಿಂದ ಹೊರಟು, ಕತ್ತು, ಎದೆ ದಾಟಿ ಹೊಟ್ಟೆಗೆ ಇಳಿಯುತ್ತದೆ. ದಾರಿಯಲ್ಲಿ ಹೃದಯಕ್ಕೂ ಎಳೆಗಳನ್ನು ಕೊಡುತ್ತದೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. ಇದರ ಎಳೆಗಳು ನೇರ ಅಸಿನಾರ್ ಕೋಶದ ಮೇಲೆ ಮುಗಿಯುವುದಿಲ್ಲ. ಗ್ರಂಥಿಯ ಒಳಗೇ ಅಲ್ಲಲ್ಲಿ ಚಿಕ್ಕ ಚಿಕ್ಕ ನರಗಂಟುಗಳಿವೆ. ವೇಗಸ್ ಅಲ್ಲಿಗೆ ಸುದ್ದಿ ಮುಟ್ಟಿಸುತ್ತದೆ, ಅಲ್ಲಿಂದ ಮುಂದಕ್ಕೆ ಬೇರೆ ನರಕೋಶ ಒಯ್ಯುತ್ತದೆ. ತಾಲೂಕು ಅಂಚೆ ಕಚೇರಿಯಿಂದ ಹಳ್ಳಿಯ ಪೋಸ್ಟ್‌ಮ್ಯಾನ್ ಕೈಗೆ ಬಂದ ಹಾಗೆ.

ಎರಡನೆಯದು ಸಿಂಪಥೆಟಿಕ್ ನರಗಳು, ಹೆದರಿಕೆ, ಗಾಬರಿಯ ಹೊತ್ತಿಗೆ ಚುರುಕಾಗುವವು. ಇವು ಬೆನ್ನುಹುರಿಯಿಂದ ಹೊರಟು, ಹೊಟ್ಟೆಯ ಹಿಂಭಾಗದ ದೊಡ್ಡ ನರಗಂಟಿನ ಮೂಲಕ ಬರುತ್ತವೆ. ಇವಲ್ಲದೆ ಕರುಳು ಮತ್ತು ಜಠರದ ಗೋಡೆಯ ನರಕೋಶಗಳು ಮಿದುಳನ್ನು ಕೇಳದೆ ನೇರವಾಗಿ ಗ್ರಂಥಿಗೆ ಎಳೆ ಚಾಚಿರುತ್ತವೆ. ನೋವು, ಒತ್ತಡದ ಸುದ್ದಿಯನ್ನು ವಾಪಸ್ ಒಯ್ಯುವ ಎಳೆಗಳೂ ಇವೆ.

ನರ ಕೆರಳಿಸಿದರೆ ರಸ ಬರುತ್ತದೆ ಅಂತ ತೋರಿಸಿದವರು ಯಾರು?

ರಷ್ಯಾದ ವಿಜ್ಞಾನಿ ಇವಾನ್ ಪಾವ್ಲೊವ್. ಗಂಟೆ ಕೇಳಿದರೆ ನಾಯಿಗೆ ಜೊಲ್ಲು ಬರುವ ಪ್ರಯೋಗ ಅಂತ ಎಲ್ಲರೂ ನೆನಪಿಟ್ಟುಕೊಂಡಿರುವ ಅದೇ ಪಾವ್ಲೊವ್. ಆದರೆ 1904ರಲ್ಲಿ ಅವರಿಗೆ ನೊಬೆಲ್ ಬಂದದ್ದು ಜೀರ್ಣಕ್ರಿಯೆಯ ಕೆಲಸಕ್ಕೆ. ಗಂಟೆಯ ಕತೆಗೆ ಅಲ್ಲ.

ಅವರಿಗಿಂತ ಮೊದಲೂ ಕೆಲವರು ವೇಗಸ್ ನರಕ್ಕೆ ವಿದ್ಯುತ್ ಕೊಟ್ಟು ನೋಡಿದ್ದರು. ಸರಿಯಾದ ಫಲ ಸಿಗಲಿಲ್ಲ. ಯಾಕೆ? ಅದೇ ನರ ಹೃದಯಕ್ಕೂ ಹೋಗುತ್ತದಲ್ಲ. ಕೆರಳಿಸಿದ ಕೂಡಲೇ ಹೃದಯ ನಿಧಾನವಾಗುತ್ತದೆ, ಕೆಲವೊಮ್ಮೆ ನಿಂತೇ ಬಿಡುತ್ತದೆ. ರಕ್ತ ಹರಿಯದೆ ಗ್ರಂಥಿ ರಸ ಎಲ್ಲಿಂದ ತಂದೀತು? ಇದಕ್ಕೆ ಪಾವ್ಲೊವ್ ಹುಡುಕಿದ ಉಪಾಯ ನನಗೆ ಇಡೀ ಕತೆಯಲ್ಲಿ ಬಹಳ ಇಷ್ಟವಾದ ಭಾಗ. ನಾಯಿಯ ಕತ್ತಿನಲ್ಲಿ ವೇಗಸ್ ನರವನ್ನು ಕತ್ತರಿಸಿ, ಕೆಲವು ದಿನ ಸುಮ್ಮನೆ ಕಾದರು. ಕತ್ತರಿಸಿದ ನರದಲ್ಲಿ ಹೃದಯದ ಎಳೆಗಳು ಬೇಗ ಸಾಯುತ್ತವೆ, ಗ್ರಂಥಿಯ ಎಳೆಗಳು ಇನ್ನೂ ಸ್ವಲ್ಪ ದಿನ ಬದುಕಿರುತ್ತವೆ. ಆ ಸಂದಿನಲ್ಲಿ ನರದ ಕೆಳತುದಿಗೆ ವಿದ್ಯುತ್ ಕೊಟ್ಟರು. ಹೃದಯ ಅಲುಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಪ್ಯಾಂಕ್ರಿಯಾಸ್ ನಾಳದಿಂದ ಹನಿ ಹನಿಯಾಗಿ ರಸ ಇಳಿಯಿತು. ಇದು 1888ರ ಮಾತು.

ಇದರ ಜೊತೆಗೆ ಅವರು ಗ್ರಂಥಿಯ ನಾಳವನ್ನು ಹೊಟ್ಟೆಯ ಚರ್ಮದ ಹೊರಗೆ ತೆರೆಯುವ ಶಸ್ತ್ರಕ್ರಿಯೆಯನ್ನೂ ಮಾಡುತ್ತಿದ್ದರು. ಎಚ್ಚರವಿರುವ ನಾಯಿಯಿಂದ ದಿನಗಟ್ಟಲೆ ರಸ ಹಿಡಿಯಬಹುದಿತ್ತು. ಆದರೆ ಸೋರುವ ರಸ ಚರ್ಮವನ್ನೇ ತಿಂದು ಹುಣ್ಣು ಮಾಡುತ್ತಿತ್ತು. ಒಂದು ನಾಯಿ ರಾತ್ರಿ ಹೊತ್ತು ಗೋಡೆಯ ಗಾರೆ ಕೆರೆದು ಉದುರಿಸಿ ಅದರ ಮೇಲೆ ಮಲಗುತ್ತಿತ್ತಂತೆ. ಜಾಗ ಬದಲಿಸಿ ಕಟ್ಟಿದರೂ ಅದೇ ಕೆಲಸ. ಆಮೇಲೆ ನೋಡಿದರೆ ಗಾರೆಯ ಪುಡಿ ರಸವನ್ನು ಹೀರಿಕೊಂಡು ಹುಣ್ಣು ಒಣಗುತ್ತಿತ್ತು. ನಾಯಿ ತನ್ನ ಔಷಧವನ್ನು ತಾನೇ ಹುಡುಕಿಕೊಂಡಿತ್ತು. ಪಾವ್ಲೊವ್ ಇದನ್ನು ತಮ್ಮ ಉಪನ್ಯಾಸದಲ್ಲಿ ಹೇಳಿಕೊಂಡು, ಆಮೇಲೆ ಬೇರೆ ನಾಯಿಗಳಿಗೂ ಅಂಥ ಪುಡಿ ಹಾಸಿಗೆ ಮಾಡಿಸಿದರು.

ಹಾಗಾದರೆ 1902ರಲ್ಲಿ ಬೇಲಿಸ್ ಮತ್ತು ಸ್ಟಾರ್ಲಿಂಗ್ ಪಾವ್ಲೊವ್ ತಪ್ಪು ಅಂತ ತೋರಿಸಿದರಾ?

ಪರೀಕ್ಷೆಯಲ್ಲಿ ಈ ಪ್ರಶ್ನೆ ಬಂದಾಗ ತುಂಬ ಜನ "ಹೌದು" ಅಂತ ಬರೆಯುತ್ತಾರೆ. ಅಷ್ಟು ಸುಲಭವಿಲ್ಲ.

ಸಣ್ಣಕರುಳಿಗೆ ಆಮ್ಲ ಹಾಕಿದರೆ ಪ್ಯಾಂಕ್ರಿಯಾಸ್ ರಸ ಬಿಡುತ್ತದೆ ಅಂತ ಪಾವ್ಲೊವ್ ಪ್ರಯೋಗಾಲಯಕ್ಕೆ ಆಗಲೇ ಗೊತ್ತಿತ್ತು. ಅದೂ ನರದ ಮೂಲಕವೇ ಆಗುವ ಕೆಲಸ ಅಂತ ಅವರು ನಂಬಿದ್ದರು. ಲಂಡನ್‌ನ ಯೂನಿವರ್ಸಿಟಿ ಕಾಲೇಜಿನಲ್ಲಿ ವಿಲಿಯಂ ಬೇಲಿಸ್ ಮತ್ತು ಅರ್ನೆಸ್ಟ್ ಸ್ಟಾರ್ಲಿಂಗ್ ಇದನ್ನು ಪರೀಕ್ಷಿಸಿದರು. ಇಬ್ಬರೂ ಭಾವ ಮೈದುನರು. ಸ್ಟಾರ್ಲಿಂಗ್ ತಂಗಿಯನ್ನು ಬೇಲಿಸ್ ಮದುವೆಯಾಗಿದ್ದರು. 1902ರ ಜನವರಿ 16ರಂದು, ಅರಿವಳಿಕೆ ಕೊಟ್ಟ ನಾಯಿಯ ಸಣ್ಣಕರುಳಿನ ಒಂದು ತುಂಡಿಗೆ ಹೋಗುವ ನರಗಳನ್ನೆಲ್ಲ ಕಡಿದರು. ರಕ್ತನಾಳ ಮಾತ್ರ ಉಳಿಸಿದರು. ಆ ತುಂಡಿಗೆ ಆಮ್ಲ ಹಾಕಿದರೆ ರಸ ಮೊದಲಿನ ಹಾಗೇ ಬಂತು! ನರವೇ ಇಲ್ಲ, ಸುದ್ದಿ ಹೋಯಿತು. ಅಂದರೆ ಸುದ್ದಿ ರಕ್ತದಲ್ಲೇ ಹೋಗಿರಬೇಕು. ತಕ್ಷಣ ಕರುಳಿನ ಒಳಪದರ ಕೆರೆದು, ಮರಳು ಮತ್ತು ಆಮ್ಲ ಹಾಕಿ ಅರೆದು, ಸೋಸಿ ಅದನ್ನು ನಾಯಿಯ ಅಭಿಧಮನಿಗೆ ಚುಚ್ಚಿದರು. ಮತ್ತೆ ರಸ ಬಂತು. ಆ ವಸ್ತುವಿಗೆ ಸೆಕ್ರೆಟಿನ್ ಅಂತ ಹೆಸರಿಟ್ಟರು. 1905ರಲ್ಲಿ ಸ್ಟಾರ್ಲಿಂಗ್ ಇಂಥ ವಸ್ತುಗಳಿಗೆಲ್ಲ ಬಳಸಿದ ಪದವೇ ಹಾರ್ಮೋನ್.

ಸುದ್ದಿ ಸೇಂಟ್ ಪೀಟರ್ಸ್‌ಬರ್ಗ್ ಮುಟ್ಟಿತು. ಪಾವ್ಲೊವ್ ತಮ್ಮ ಶಿಷ್ಯನಿಂದ ಪ್ರಯೋಗ ಮಾಡಿಸಿ ನೋಡಿದರು. ಫಲ ಕಂಡು ಒಂದು ಮಾತೂ ಆಡದೆ ತಮ್ಮ ಕೋಣೆಗೆ ಹೋದರಂತೆ. ಅರ್ಧ ಗಂಟೆ ಬಿಟ್ಟು ಬಂದು, ಅವರು ಹೇಳುವುದೇ ಸರಿ, ಸತ್ಯವನ್ನು ನಾವೊಬ್ಬರೇ ಗುತ್ತಿಗೆ ಹಿಡಿದಿಲ್ಲವಲ್ಲ ಎಂಬ ಅರ್ಥದ ಮಾತು ಹೇಳಿದರಂತೆ. ಹತ್ತಿರ ಇದ್ದ ಶಿಷ್ಯರು ಬರೆದಿಟ್ಟ ಕತೆ ಇದು.

ಗಮನಿಸಿ, 1902ರ ಪ್ರಯೋಗ ತೋರಿಸಿದ್ದು ನರವಿಲ್ಲದೆಯೂ ರಸ ಬರಬಹುದು ಅಂತ. ನರದಿಂದ ಬರುವುದೇ ಇಲ್ಲ ಅಂತ ಅಲ್ಲ. 1888ರ ಹನಿಗಳು ಹುಸಿಯಾಗಲಿಲ್ಲ. ಆದರೂ ಹಾರ್ಮೋನ್ ಎಂಬ ಹೊಸ ವಿಚಾರದ ಅಬ್ಬರದಲ್ಲಿ ನರದ ಮಾತು ಬಹಳ ಕಾಲ ಹಿಂದೆ ಸರಿಯಿತು.

ಕೊನೆಗೆ ಯಾವುದು ಮುಖ್ಯ, ನರವೋ ಹಾರ್ಮೋನೋ?

ಈ ಪ್ರಶ್ನೆಯನ್ನೇ ಸ್ವಲ್ಪ ಬದಲಿಸಬೇಕು ಅನ್ನುವುದು ನನ್ನ ಅಭಿಪ್ರಾಯ. ಕೊಲೆಸಿಸ್ಟೊಕೈನಿನ್ ಎಂಬ ಹಾರ್ಮೋನನ್ನು ತೆಗೆದುಕೊಳ್ಳಿ. ಚಿಕ್ಕದಾಗಿ ಸಿಸಿಕೆ. ಸಣ್ಣಕರುಳಿಗೆ ಕೊಬ್ಬು, ಪ್ರೋಟೀನ್ ಬಂದಾಗ ಅಲ್ಲಿನ ಕೋಶಗಳು ಇದನ್ನು ಬಿಡುತ್ತವೆ. ಪಿತ್ತಕೋಶ ಹಿಂಡುವುದೂ ಇದೇ, ಪ್ಯಾಂಕ್ರಿಯಾಸ್ ಕಿಣ್ವ ಹೊರಡಿಸುವುದೂ ಇದೇ. ರಕ್ತದಲ್ಲಿ ಹೋಗಿ ಅಸಿನಾರ್ ಕೋಶವನ್ನು ನೇರ ತಟ್ಟುತ್ತದೆ ಅಂತ ದಶಕಗಟ್ಟಲೆ ಪಾಠ ಹೇಳಿದರು.

1990ರ ದಶಕದಲ್ಲಿ ಇಲಿಗಳಲ್ಲಿ ನೋಡಿದಾಗ ಚಿತ್ರ ಬದಲಾಯಿತು. ಊಟದ ನಂತರ ಸಹಜವಾಗಿ ಇರುವಷ್ಟೇ ಸಿಸಿಕೆ ಕೊಟ್ಟು, ಜೊತೆಗೆ ಅಟ್ರೊಪಿನ್ ಹಾಕಿದರೆ ಕಿಣ್ವ ಬರಲಿಲ್ಲ. ಅಟ್ರೊಪಿನ್ ವೇಗಸ್ ನರದ ಸಂದೇಶ ತಡೆಯುವ ಔಷಧ. ವೇಗಸ್ ಕತ್ತರಿಸಿದರೂ ಹಾಗೇ ಆಯಿತು. ಅಂದರೆ ಸಿಸಿಕೆ ಮೊದಲು ಕರುಳಿನಲ್ಲಿರುವ ವೇಗಸ್‌ನ ಸಂವೇದನೆಯ ತುದಿಗಳನ್ನು ತಟ್ಟುತ್ತದೆ. ಸುದ್ದಿ ಮೆಡುಲಾಕ್ಕೆ ಏರುತ್ತದೆ, ಅಲ್ಲಿಂದ ಅಪ್ಪಣೆ ಮತ್ತೆ ವೇಗಸ್ ಮೂಲಕ ಇಳಿದು ಗ್ರಂಥಿಗೆ ಬರುತ್ತದೆ. ಹಾರ್ಮೋನ್ ನರದ ಹೆಗಲೇರಿ ಕೆಲಸ ಮಾಡಿಸುತ್ತದೆ. ಸಿಸಿಕೆ ಪ್ರಮಾಣ ವಿಪರೀತ ಹೆಚ್ಚಿಸಿದರೆ ಮಾತ್ರ ಇಲಿಯಲ್ಲಿ ನೇರ ಪರಿಣಾಮ ಕಾಣುತ್ತದೆ. ವೇಗಸ್‌ನ ಬಹುಪಾಲು ಎಳೆಗಳು ಕೆಳಗಿನಿಂದ ಮೇಲಕ್ಕೆ ಸುದ್ದಿ ಒಯ್ಯುವವು ಅನ್ನುವುದನ್ನು ಸೇರಿಸಿಕೊಂಡರೆ ಇದು ಆಶ್ಚರ್ಯ ಅನ್ನಿಸುವುದಿಲ್ಲ.

ಸೆಕ್ರೆಟಿನ್ ಕೂಡ ಒಂಟಿಯಲ್ಲ. ನಾಯಿಯಲ್ಲಿ ಅಟ್ರೊಪಿನ್ ಕೊಟ್ಟರೆ ಊಟದ ಹೊತ್ತಿನ ಬೈಕಾರ್ಬನೇಟ್ ಕೂಡ ತಗ್ಗುತ್ತದೆ. ನರ ಮತ್ತು ಹಾರ್ಮೋನ್ ಎರಡೂ ಒಟ್ಟಿಗೆ ಇದ್ದಾಗ ಬರುವ ರಸ, ಬೇರೆಬೇರೆಯಾಗಿ ಬರುವ ಎರಡನ್ನೂ ಕೂಡಿಸಿದ್ದಕ್ಕಿಂತ ಜಾಸ್ತಿ.

ಒಂದು ಊಟದಲ್ಲಿ ನರದ ಪಾಲು ಎಷ್ಟು?

ಪಠ್ಯಪುಸ್ತಕಗಳು ಮೂರು ಹಂತ ಮಾಡುತ್ತವೆ. ನೋಟ, ವಾಸನೆ, ಅಗಿಯುವುದು, ಇವುಗಳಿಂದ ಬರುವ ಮೊದಲ ಹಂತಕ್ಕೆ ಸುಮಾರು ಶೇಕಡ 20ರಿಂದ 25. ಜಠರ ಹಿಗ್ಗಿದಾಗಿನ ಹಂತಕ್ಕೆ ಸುಮಾರು 10. ಉಳಿದದ್ದು ಕರುಳಿನ ಹಂತಕ್ಕೆ. ಮೊದಲ ಎರಡು ಹಂತ ಬಹುಪಾಲು ವೇಗಸ್ ಕೆಲಸ. ಆಗ ಬರುವ ರಸ ಕಡಿಮೆ, ಆದರೆ ಕಿಣ್ವ ದಟ್ಟವಾಗಿರುತ್ತದೆ. ಈ ಅಂಕಿಗಳನ್ನು ಕಲ್ಲಿನಲ್ಲಿ ಕೆತ್ತಿದ್ದು ಅಂದುಕೊಳ್ಳಬೇಡಿ. ಕರುಳಿನ ಹಂತದಲ್ಲೂ ವೇಗಸ್ ಕೈ ಇದೆ ಅಂತ ಈಗಷ್ಟೇ ನೋಡಿದೆವಲ್ಲ.

ನರದ ತುದಿಯಿಂದ ಕೋಶದ ಒಳಗಿನವರೆಗೆ ಏನಾಗುತ್ತದೆ?

ನರದ ತುದಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಬಿಡುತ್ತದೆ. ಅದು ಅಸಿನಾರ್ ಕೋಶದ ಮೇಲಿನ ಮಸ್ಕರಿನಿಕ್ ಗ್ರಾಹಕಕ್ಕೆ (ಸುದ್ದಿ ಹಿಡಿಯುವ ಅಣುವಿಗೆ) ಅಂಟುತ್ತದೆ. ಕೋಶದ ಒಳಗೆ ಐಪಿ-3 ಎಂಬ ಚಿಕ್ಕ ಅಣು ಹುಟ್ಟುತ್ತದೆ, ಅದು ಒಳಗಿನ ಉಗ್ರಾಣದಿಂದ ಕ್ಯಾಲ್ಸಿಯಂ ಬಿಡಿಸುತ್ತದೆ. ಕ್ಯಾಲ್ಸಿಯಂ ಏರಿದ ಕೂಡಲೇ ಕಿಣ್ವ ತುಂಬಿದ ಕಾಳುಗಳು ಕೋಶದ ತುದಿಗೆ ಬಂದು ಒಡೆದು ನಾಳಕ್ಕೆ ಸುರಿಯುತ್ತವೆ.

ಇಡೀ ಜೀವಶಾಸ್ತ್ರಕ್ಕೆ ಈ ಗ್ರಂಥಿ ಮಾಡಿದ ಉಪಕಾರ ಇಲ್ಲೇ ಇದೆ. 1953ರಲ್ಲಿ ಹೋಕಿನ್ ದಂಪತಿ ಪಾರಿವಾಳದ ಪ್ಯಾಂಕ್ರಿಯಾಸ್ ಹೋಳುಗಳಿಗೆ ಅಸಿಟೈಲ್‌ಕೋಲಿನ್ ಹಾಕಿದರು. ಕೋಶಪೊರೆಯ ಕೊಬ್ಬು ಚುರುಕಾಗಿ ಬದಲಾಗುವುದನ್ನು ಕಂಡರು. ಅದರ ಅರ್ಥ ಯಾರಿಗೂ ಕೂಡಲೇ ಹೊಳೆಯಲಿಲ್ಲ. ಮೂವತ್ತು ವರ್ಷ ಬಿಟ್ಟು, 1983ರಲ್ಲಿ, ಐಪಿ-3 ಕ್ಯಾಲ್ಸಿಯಂ ಬಿಡಿಸುತ್ತದೆ ಅಂತ ಮೊದಲು ತೋರಿಸಿದ್ದೂ ಪ್ಯಾಂಕ್ರಿಯಾಸ್ ಕೋಶಗಳಲ್ಲೇ.

ಅಸಿಟೈಲ್‌ಕೋಲಿನ್ ಒಂದೇ ಅಲ್ಲ. ವಿಐಪಿ ಎಂಬ ಪೆಪ್ಟೈಡ್ (ಪುಟ್ಟ ಪ್ರೋಟೀನಿನಂಥ ಅಣು) ಕೂಡ ನರದ ತುದಿಯಿಂದ ಬರುತ್ತದೆ. ಅದರ ಹೆಸರಿಗೂ ಮಂತ್ರಿಗಳ ಕಾರಿಗೂ ಸಂಬಂಧವಿಲ್ಲ.

ಎಲ್ಲ ಪ್ರಾಣಿಗಳಲ್ಲೂ ಒಂದೇ ರೀತಿಯಾ?

ಇಲ್ಲ, ಇಲ್ಲವೇ ಇಲ್ಲ.

ನಾಯಿಯನ್ನು ನೋಡಿ. ಹಸಿದಿರುವಾಗ ರಸ ಹೆಚ್ಚುಕಮ್ಮಿ ಬರುವುದೇ ಇಲ್ಲ. ವೇಗಸ್ ಕೆರಳಿಸಿದರೆ ಕಿಣ್ವ ದಟ್ಟವಾದ, ಸ್ವಲ್ಪವೇ ರಸ ಬರುತ್ತದೆ. ಅಟ್ರೊಪಿನ್ ಕೊಟ್ಟರೆ ಕಿಣ್ವದ ಹರಿವು ತಗ್ಗುತ್ತದೆ. ಹಂದಿಯಲ್ಲಿ ಹಾಗಲ್ಲ. ವೇಗಸ್ ಕೆರಳಿಸಿದರೆ ಬೈಕಾರ್ಬನೇಟ್ ತುಂಬಿದ ನೀರು ನೀರಾದ ರಸ ಧಾರಾಳವಾಗಿ ಹರಿಯುತ್ತದೆ. ಅಟ್ರೊಪಿನ್ ಕೊಟ್ಟರೂ ಈ ನೀರಿನ ಹರಿವು ನಿಲ್ಲುವುದಿಲ್ಲ. ಅಲ್ಲಿ ಕೆಲಸ ಮಾಡುವುದು ಮುಖ್ಯವಾಗಿ ವಿಐಪಿ. ಪಾವ್ಲೊವ್ ನಾಯಿಯ ಬದಲು ಹಂದಿಯಲ್ಲಿ ಕೆಲಸ ಮಾಡಿದ್ದರೆ ನರದ ಪಾತ್ರದ ಬಗ್ಗೆ ಅಷ್ಟು ಜಗಳವೇ ಆಗುತ್ತಿರಲಿಲ್ಲವೇನೋ ಅಂತ ನನಗೆ ಆಗಾಗ ಅನ್ನಿಸುತ್ತದೆ.

ಕುದುರೆ ಹಗಲೆಲ್ಲ ಮೇಯುವ ಪ್ರಾಣಿ. ಅದರ ಪ್ಯಾಂಕ್ರಿಯಾಸ್ ಕೂಡ ಬಿಡುವಿಲ್ಲದೆ ರಸ ಬಿಡುತ್ತಿರುತ್ತದೆ. ಪ್ರಮಾಣ ಜಾಸ್ತಿ, ಕಿಣ್ವ ಕಡಿಮೆ. ಪಿತ್ತಕೋಶ ಅದಕ್ಕಿಲ್ಲ. ಇಲಿಗೂ ಇಲ್ಲ.

ದನದ ವಿಷಯ ಇನ್ನೂ ಬೇರೆ. ಮೆಲುಕು ಹಾಕುವ ಪ್ರಾಣಿಯ ನಾಲ್ಕನೇ ಹೊಟ್ಟೆಯಿಂದ ಕರುಳಿಗೆ ಮೇವು ಸ್ವಲ್ಪ ಸ್ವಲ್ಪವಾಗಿ ಇಡೀ ದಿನ ಇಳಿಯುತ್ತಲೇ ಇರುತ್ತದೆ. ಹಾಗಾಗಿ ರಸವೂ ಇಡೀ ದಿನ ಹರಿಯುತ್ತದೆ, ನಾಯಿಯಂತೆ ಊಟದ ಹೊತ್ತಿಗೆ ಮಾತ್ರ ಅಲ್ಲ. ಆದರೆ ಹಾಲು ಕುಡಿಯುವ ಎಳೆ ಕರು ಈ ವಿಷಯದಲ್ಲಿ ನಾಯಿಗೇ ಹತ್ತಿರ. ಹಾಲು ಬರುವ ಹೊತ್ತಿಗೆ ರಸ ಏರುತ್ತದೆ. ವೇಗಸ್ ನರವನ್ನು ತಂಪು ಮಾಡಿ ತಾತ್ಕಾಲಿಕವಾಗಿ ತಡೆದರೆ ಇಳಿಯುತ್ತದೆ. ಇನ್ನೊಂದು ವಿಶೇಷ: ದನದ ಪ್ಯಾಂಕ್ರಿಯಾಸ್‌ನಲ್ಲಿ ರೈಬೋನ್ಯೂಕ್ಲಿಯೇಸ್ ಎಂಬ ಕಿಣ್ವ ತುಂಬ ಇದೆ. ಮೊದಲ ಹೊಟ್ಟೆಯಲ್ಲಿ ಬೆಳೆದ ಸೂಕ್ಷ್ಮಜೀವಿಗಳೂ ಕೊನೆಗೆ ಆಹಾರವೇ ತಾನೆ? ಅವುಗಳ ಆರ್‌ಎನ್‌ಎ ಒಡೆಯಲು ಅದು ಬೇಕು.

ಹೆದರಿದಾಗ, ಬೆದರಿದಾಗ ಏನಾಗುತ್ತದೆ?

ಸಿಂಪಥೆಟಿಕ್ ನರ ರಸವನ್ನು ತಗ್ಗಿಸುತ್ತದೆ. ಮುಖ್ಯ ದಾರಿ ರಕ್ತನಾಳಗಳನ್ನು ಬಿಗಿಯುವುದು. ಜೊತೆಗೆ ಗ್ರಂಥಿಯೊಳಗಿನ ನರಗಂಟುಗಳಲ್ಲೇ ವೇಗಸ್ ಸುದ್ದಿಯನ್ನು ಅದುಮುತ್ತದೆ. ಓಡಿ ಜೀವ ಉಳಿಸಿಕೊಳ್ಳುವ ಹೊತ್ತಿನಲ್ಲಿ ಜೀರ್ಣದ ಕೆಲಸ ಯಾರಿಗೆ ಬೇಕು? ಪಾವ್ಲೊವ್‌ಗಿಂತ ಮೊದಲಿನ ಪ್ರಯೋಗಗಳು ಕೆಟ್ಟದ್ದಕ್ಕೆ ಇದೂ ಒಂದು ಕಾರಣ. ಹೊಟ್ಟೆ ಕೊಯ್ದ ನೋವಿಗೆ ಗ್ರಂಥಿ ಬಾಯಿ ಮುಚ್ಚಿಕೊಳ್ಳುತ್ತಿತ್ತು.

ಊಟವೇ ಇಲ್ಲದಿದ್ದರೆ?

ಹಸಿದ ನಾಯಿಯಲ್ಲೂ ಸುಮಾರು ಒಂದೂವರೆಯಿಂದ ಎರಡು ಗಂಟೆಗೊಮ್ಮೆ ಹೊಟ್ಟೆಯಿಂದ ಕರುಳಿನವರೆಗೆ ಒಂದು ಅಲೆ ಗುಡಿಸಿಕೊಂಡು ಹೋಗುತ್ತದೆ. ಆ ಅಲೆಯ ಜೊತೆ ಸ್ವಲ್ಪ ರಸವೂ ಬರುತ್ತದೆ.

ವೇಗಸ್ ಕತ್ತರಿಸಿದರೆ ಗ್ರಂಥಿ ನಿಂತೇ ಹೋಗುತ್ತದಾ?

ಇಲ್ಲ. ಊಟದ ನಂತರದ ಕಿಣ್ವ ಕಡಿಮೆಯಾಗುತ್ತದೆ, ಪ್ರಾಣಿ ಸಾಯುವುದಿಲ್ಲ. ಹಾರ್ಮೋನ್ ಇದೆ, ಕರುಳಿನ ಗೋಡೆಯ ನರಗಳಿವೆ. ಮನುಷ್ಯರಲ್ಲಿ ಕಸಿ ಮಾಡಿದ ಪ್ಯಾಂಕ್ರಿಯಾಸ್‌ನ ನರಗಳೆಲ್ಲ ಕಡಿದಿರುತ್ತವೆ, ಆದರೂ ಅದು ಇನ್ಸುಲಿನ್ ಕೊಡುತ್ತದೆ.

ನಮ್ಮ ಜರ್ಮನ್ ಶೆಪರ್ಡ್ ಎಷ್ಟು ತಿಂದರೂ ಸೊರಗುತ್ತಿದೆ. ನರದ ತೊಂದರೆಯಾ?

ಬಹುಶಃ ಅಲ್ಲ. ಈ ತಳಿಯಲ್ಲಿ ಅಸಿನಾರ್ ಕೋಶಗಳೇ ನಾಶವಾಗುವ ಕಾಯಿಲೆ ಹೆಚ್ಚು. ನರ ಕೂಗಿದರೂ ಓಗೊಡಲು ಕೋಶ ಇರುವುದಿಲ್ಲ. ಮಲ ಜಾಸ್ತಿ, ಜಿಡ್ಡು ಜಿಡ್ಡು. ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ಊಟಕ್ಕೆ ಕಿಣ್ವದ ಪುಡಿ ಬೆರೆಸಿ ಕೊಟ್ಟರೆ ಬಹಳ ನಾಯಿಗಳು ಚೇತರಿಸಿಕೊಳ್ಳುತ್ತವೆ. ಪಶುವೈದ್ಯರಿಗೆ ತೋರಿಸಿ.

ಕೀಟನಾಶಕಕ್ಕೂ ಈ ಗ್ರಂಥಿಗೂ ಏನು ಸಂಬಂಧ?

ನೇರ ಸಂಬಂಧ ಇದೆ. ನರದಿಂದ ಬಂದ ಅಸಿಟೈಲ್‌ಕೋಲಿನ್ ಕೆಲಸ ಮುಗಿದ ಮೇಲೆ ಅಲ್ಲೇ ಒಡೆದುಹೋಗಬೇಕು. ಅದನ್ನು ಒಡೆಯುವ ಕಿಣ್ವವನ್ನು ಆರ್ಗನೋಫಾಸ್ಫೇಟ್ ಕೀಟನಾಶಕಗಳು ಕಟ್ಟಿಹಾಕುತ್ತವೆ. ಆಗ ನರ ಒಮ್ಮೆ ಹೇಳಿದ್ದು ನೂರು ಸಲ ಹೇಳಿದ ಹಾಗೆ. ಜೊಲ್ಲು, ಕಣ್ಣೀರು, ಭೇದಿ, ನಡುಕ ಎಲ್ಲ ಒಟ್ಟಿಗೆ. ಪ್ಯಾಂಕ್ರಿಯಾಸ್ ಕೂಡ ಮಿತಿ ಮೀರಿ ಕೆರಳುತ್ತದೆ. ನಾಯಿಗಳಲ್ಲಿ ಇದರಿಂದ ಗ್ರಂಥಿ ಊದಿಕೊಂಡದ್ದು ಪ್ರಯೋಗಗಳಲ್ಲೂ ಕಂಡಿದೆ, ವಿಷ ಕುಡಿದ ಮನುಷ್ಯರಲ್ಲೂ ಕಂಡಿದೆ.

ಟ್ರಿನಿಡಾಡ್ ದ್ವೀಪದಲ್ಲಿ ಟೈಟಿಯಸ್ ಟ್ರಿನಿಟಾಟಿಸ್ ಎಂಬ ಚೇಳು ಕಚ್ಚಿದವರಿಗೆ ಪ್ಯಾಂಕ್ರಿಯಾಸ್ ಊತ ಬರುವುದೂ ಹೀಗೇ. ಅದರ ವಿಷ ನರದ ತುದಿಗಳಿಂದ ಅಸಿಟೈಲ್‌ಕೋಲಿನ್ ಸುರಿಸಿಬಿಡುತ್ತದೆ.

ಹೊಲಕ್ಕೆ ಔಷಧಿ ಹೊಡೆದ ಮೇಲೆ ಆ ಬದುವಿನ ಹುಲ್ಲನ್ನು ದನಕ್ಕೆ ಹಾಕಬೇಡಿ. ಔಷಧಿ ಕಲಸಿದ ಬಕೆಟ್ಟಿನಲ್ಲಿ ಕಲಗಚ್ಚು ಇಡಬೇಡಿ. ದನ ಜೊಲ್ಲು ಸುರಿಸುತ್ತ ನಡುಗಿದರೆ ದನದ ಡಾಕ್ಟ್ರನ್ನು ಕೂಡಲೇ ಕರೆಯಿರಿ. ಔಷಧಿ ಡಬ್ಬಿಯನ್ನು ಅವರಿಗೆ ತೋರಿಸಲು ಇಟ್ಟುಕೊಂಡಿರಿ. ಅವರು ಕೊಡುವ ಚುಚ್ಚುಮದ್ದು ಬಹುಪಾಲು ಅಟ್ರೊಪಿನ್ನೇ. ಇಲಿಯ ಪ್ರಯೋಗದಲ್ಲಿ ವೇಗಸ್ ಬಾಯಿ ಮುಚ್ಚಿಸಿದ ಅದೇ ಔಷಧ.

ಇನ್ಸುಲಿನ್ ಮೇಲೂ ನರದ ಹಿಡಿತ ಇದೆಯಾ?

ಇದೆ. ವೇಗಸ್ ಕೆರಳಿದರೆ ಇನ್ಸುಲಿನ್ ಏರುತ್ತದೆ. ಊಟದ ರುಚಿಗೇ ಸ್ವಲ್ಪ ಇನ್ಸುಲಿನ್ ಹೊರಬರುವುದುಂಟು. ಸಿಂಪಥೆಟಿಕ್ ನರ ಇನ್ಸುಲಿನ್ ತಗ್ಗಿಸಿ, ರಕ್ತದ ಸಕ್ಕರೆ ಹೆಚ್ಚಿಸುವ ಗ್ಲುಕಗಾನ್ ಎಂಬ ಹಾರ್ಮೋನನ್ನು ಏರಿಸುತ್ತದೆ.

ಮಿದುಳಿಗೂ ಸಕ್ಕರೆಗೂ ನಂಟಿದೆ ಅಂತ ಮೊದಲು ತೋರಿಸಿದವರು ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್. 1849ರಲ್ಲಿ ಮೊಲದ ಮಿದುಳಿನ ಬುಡದಲ್ಲಿ ಸೂಜಿ ಚುಚ್ಚಿದಾಗ ಮೂತ್ರದಲ್ಲಿ ಸಕ್ಕರೆ ಬಂತು. ಅದು ಮುಖ್ಯವಾಗಿ ಪಿತ್ತಜನಕಾಂಗದಿಂದ ಬಿಡುಗಡೆಯಾದ ಸಕ್ಕರೆ ಅಂತ ಆಮೇಲೆ ತಿಳಿಯಿತು.

ಇಲ್ಲೂ ಪ್ರಾಣಿ ಯಾವುದು ಅಂತ ಕೇಳಬೇಕು. ಚಿಟ್ಟಿಲಿಯಲ್ಲಿ ಇನ್ಸುಲಿನ್ ಕೋಶಗಳ ಸುತ್ತ ನರಗಳ ದಟ್ಟ ಬಲೆ ಇದೆ. ಮನುಷ್ಯರಲ್ಲಿ ಆ ಕೋಶಗಳನ್ನು ಮುಟ್ಟುವ ಎಳೆಗಳು ತೀರಾ ಕಡಿಮೆ, ಸಿಂಪಥೆಟಿಕ್ ಎಳೆಗಳು ಹೆಚ್ಚಾಗಿ ರಕ್ತನಾಳದ ಸ್ನಾಯುವಿನ ಮೇಲೆ ಮುಗಿಯುತ್ತವೆ. ಇಲಿಯಲ್ಲಿ ಗೆದ್ದ ಔಷಧ ಮನುಷ್ಯರಲ್ಲಿ ಗೆಲ್ಲುತ್ತದೆ ಅಂತ ಪೇಪರಿನಲ್ಲಿ ಬಂದರೆ ಸ್ವಲ್ಪ ತಡೆದು ನಂಬಿ.

ನಮ್ಮ ಬೆಕ್ಕಿಗೆ ಕ್ಲಿನಿಕ್ಕಿನಲ್ಲಿ ಸಕ್ಕರೆ ಜಾಸ್ತಿ ಬಂತು. ಇನ್ಸುಲಿನ್ ಶುರು ಮಾಡಬೇಕಾ?

ಒಂದೇ ಪರೀಕ್ಷೆ ನೋಡಿ ನಿರ್ಧಾರ ಮಾಡುವ ವಿಷಯವಲ್ಲ. ಬುಟ್ಟಿಯಲ್ಲಿ ತುಂಬಿಸಿ, ಆಟೋದಲ್ಲಿ ಕುಲುಕಿಸಿ, ನಾಯಿ ಬೊಗಳುವ ಜಾಗದಲ್ಲಿ ಕೂರಿಸಿದರೆ ಬೆಕ್ಕಿನ ಸಿಂಪಥೆಟಿಕ್ ನರ ಭುಗಿಲೇಳುತ್ತದೆ. ಬರೀ ಹೆದರಿಕೆಗೇ ರಕ್ತದ ಸಕ್ಕರೆ ಸಕ್ಕರೆ ಕಾಯಿಲೆಯವರ ಮಟ್ಟಕ್ಕೆ ಏರಬಹುದು, ಮೂತ್ರದಲ್ಲೂ ಕಾಣಬಹುದು. ನಮ್ಮ ಮನೆಯ ಬೆಕ್ಕಿಗೂ ಒಮ್ಮೆ ಹೀಗಾಗಿ ಎರಡು ದಿನ ಎಲ್ಲರೂ ಮುಖ ಸಣ್ಣ ಮಾಡಿಕೊಂಡಿದ್ದೆವು. ಫ್ರಕ್ಟೊಸಮೀನ್ ಪರೀಕ್ಷೆ ಮಾಡಿಸಬಹುದಾ ಅಂತ ಡಾಕ್ಟರನ್ನು ಕೇಳಿ. ಅದು ಹಿಂದಿನ ಒಂದೆರಡು ವಾರದ ಸರಾಸರಿ ಸಕ್ಕರೆಯ ಅಂದಾಜು ಕೊಡುತ್ತದೆ, ಆ ಒಂದು ಗಂಟೆಯ ಗಾಬರಿ ಅದರಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಬೆಕ್ಕು ನೀರು ಜಾಸ್ತಿ ಕುಡಿಯುತ್ತಿದೆಯಾ, ಸೊರಗಿದೆಯಾ ಅನ್ನುವುದನ್ನೂ ಹೇಳಿ. ಮುಂದಿನ ಸಲ ಹೋಗುವಾಗ ಬುಟ್ಟಿಗೆ ಅದು ದಿನಾ ಮಲಗುವ ಬಟ್ಟೆಯನ್ನೇ ಹಾಸಿ, ಮೇಲೊಂದು ಟವೆಲ್ ಮುಚ್ಚಿಕೊಂಡು ಹೋಗಿ.